ಫೋರ್-ಕೆ ಪರದೆಯೂ ಗುಂಡನ ಕಾರ್ಡೂ

ಮಾರ್ಚ್ 3, ಸೋಮವಾರ

ಹೋದ ವರ್ಷದ ದಿನಚರಿ ಫೆಬ್ರವರಿ ದಾಟಿರಲಿಲ್ಲ. ಈ ವರ್ಷ ಮಾರ್ಚಿನಲ್ಲೇ ಶುರು ಮಾಡುತ್ತಿದ್ದೇನೆ, ಎಷ್ಟು ದೂರ ನಡೆಯುತ್ತದೋ ನೋಡೋಣ. ಭಾನುವಾರಕ್ಕೆ ನನಗೆ ಐವತ್ತು ತುಂಬುತ್ತದೆ. ನನಗೆ ನಾನೇ ಒಂದು ಉಡುಗೊರೆ ಕೊಟ್ಟುಕೊಳ್ಳಲಿದ್ದೇನೆ: ಒಂದು ಒಳ್ಳೆಯ ಮಾನಿಟರ್.

ಈ ವಯಸ್ಸಿನಲ್ಲಿ ಕಂಪ್ಯೂಟರ್ ಆಟವೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ವಾರಕ್ಕೆ ಆರು ದಿನ ಕೃತಕ ಹಲ್ಲು ಮಾಡುತ್ತೇನೆ. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣ ಕೆತ್ತಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಕೂಡಿಸುತ್ತೇನೆ. ಏಳನೆಯ ದಿನ ಮಧ್ಯಾಹ್ನ ಮೂರು ಗಂಟೆಯಿಂದ ಆರರವರೆಗೆ ಹಡಗು ನಡೆಸುತ್ತೇನೆ. ಆಟದ ಹಡಗು. ಅದಕ್ಕೆ ಇಬ್ಬರು ಬೇಕು. ಚುಕ್ಕಾಣಿ ನನ್ನದು, ಹಾಯಿ ಗುಂಡನದು.

ಗುಂಡ ನನ್ನ ಹೆಂಡತಿಯ ತಮ್ಮ. ಹುಟ್ಟಿದಾಗ ಗುಂಡಗಿದ್ದನಂತೆ, ಈಗ ಲಿಫ್ಟಿನ ಬಾಗಿಲು ಎರಡು ಬೆರಳು ತೆರೆದರೂ ಒಳಗೆ ನುಸುಳುತ್ತಾನೆ. ಅದೇ ಅವನ ಕೆಲಸ, ಲಿಫ್ಟ್ ರಿಪೇರಿ. ತಾಯಿ ಹೋದಾಗ ಅವನಿಗೆ ಎಂಟು ವರ್ಷ, ಇವಳಿಗೆ ಹದಿನೇಳು. ಸ್ನಾನ ಮಾಡಿಸಿದ್ದು, ಶಾಲೆಗೆ ಕಳಿಸಿದ್ದು, ಬೈದದ್ದು ಎಲ್ಲ ಇವಳೇ. ನಮಗೆ ಮಕ್ಕಳಿಲ್ಲ, ಇದ್ದಿದ್ದರೂ ಅವರು ಗುಂಡನ ನಂತರವೇ ಆಗುತ್ತಿದ್ದರು ಎಂದು ನಾನು ರೇಗಿಸುವುದುಂಟು. ಪ್ರತಿ ಭಾನುವಾರ ನಮ್ಮಲ್ಲಿ ಊಟ ಮಾಡಿ, ಎರಡು ಬೀದಿ ಆಚೆಯ ತನ್ನ ಮನೆಗೆ ಓಡಿ, ಅಲ್ಲಿಂದ ಮೈಕಿನಲ್ಲಿ ನನ್ನ ಜೊತೆ ಮಾತಾಡುತ್ತಾನೆ. "ಎದುರಿಗೆ ಕೂತಿದ್ದಾಗ ಇಬ್ಬರ ಬಾಯಲ್ಲೂ ಮಾತಿಲ್ಲ, ಈಗ ನೋಡಿ" ಎಂದು ಇವಳು ನಗುತ್ತಾಳೆ.

ಹೋದ ತಿಂಗಳು ಗುಂಡ ಆಟದ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಹೊಸದು ಕೊಂಡ. ಹಳೆಯದು ನನಗೆ. ಈಗ ಅದಕ್ಕೆ ಹೊಂದುವ ಮಾನಿಟರ್ ಹುಡುಕಬೇಕು.

ಮಾರ್ಚ್ 8, ಶನಿವಾರ

ಕೊಂಡೆ. ಇಪ್ಪತ್ತೇಳು ಇಂಚು, ಫೋರ್-ಕೆ.

ಅಂಗಡಿಗೆ ಗುಂಡನೂ ಬಂದಿದ್ದ. ಒಂದೇ ಅಳತೆಯ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದು ಟೂ-ಕೆ, ಇನ್ನೊಂದು ಫೋರ್-ಕೆ. ಗುಂಡ ಟೂ-ಕೆಯ ಮುಂದೆ ನಿಂತ, ನಾನು ಫೋರ್-ಕೆಯ ಮುಂದೆ.

"ಭಾವ, ಚುಕ್ಕಿ ಲೆಕ್ಕ ಹಾಕಿ. ಇದಕ್ಕಿಂತ ಅದರಲ್ಲಿ ಎರಡು ಪಟ್ಟಿಗೂ ಜಾಸ್ತಿ ಚುಕ್ಕಿ. ಅಷ್ಟನ್ನೂ ಕಾರ್ಡೇ ಬರೀಬೇಕು, ಸೆಕೆಂಡಿಗೆ ಅರವತ್ತು ಸಲ. ನನ್ನ ಹಳೇ ಕಾರ್ಡು ಟೂ-ಕೆಗೆ ಹೇಳಿ ಮಾಡಿಸಿದ ಹಾಗಿದೆ. ಫೋರ್-ಕೆ ಹಾಕಿದ್ರೆ ಏದುಸಿರು ಬಿಡತ್ತೆ."

"ಓಡೋದೇ ಇಲ್ವಾ?"

"ಓಡತ್ತೆ. ಸೆಟ್ಟಿಂಗ್ಸ್ ಒಂದೆರಡು ಮೆಟ್ಟಿಲು ಇಳಿಸಿದ್ರೆ ಸೆಕೆಂಡಿಗೆ ನಲವತ್ತು ಫ್ರೇಮ್ ಬರಬಹುದು. ಆದ್ರೆ ಕಾರ್ಡ್ ನೋಡಿ ಪರದೆ ತಗೋಬೇಕು ಭಾವ, ಪರದೆ ನೋಡಿ ಕಾರ್ಡ್ ಅಲ್ಲ."

ನಾನು ಟೂ-ಕೆಯ ಹತ್ತಿರ ಕಣ್ಣು ಕೊಂಡೊಯ್ದೆ. ಅದರಲ್ಲಿ ತೋರಿಸುತ್ತಿದ್ದ ಹಡಗಿನ ಹಗ್ಗದ ಅಂಚಿನಲ್ಲಿ ಗರಗಸದ ಹಲ್ಲು ಕಾಣಿಸಿತು. ಗುಂಡನಿಗೆ ಕಾಣಿಸಲಿಲ್ಲವಂತೆ. ಎರಡು ಬಿಳಿಗಳ ನಡುವಿನ ವ್ಯತ್ಯಾಸ ಹೇಳಿ ಹೊಟ್ಟೆ ಹೊರೆದುಕೊಳ್ಳುವವನು ನಾನು. ನನ್ನ ಕಣ್ಣಿಗೆ ಕಾಣುವುದನ್ನು ಕಾಣುವುದಿಲ್ಲ ಎಂದುಕೊಂಡು ಇನ್ನು ಹತ್ತು ವರ್ಷ ನೋಡುತ್ತಾ ಕೂರಬೇಕೇ? ಗುಂಡ ಭುಜ ಕುಣಿಸಿದ. "ಸರಿ ಬಿಡಿ. ಕಣ್ಣು ನಿಮ್ಮದು" ಎಂದು ಪೆಟ್ಟಿಗೆ ಹೊತ್ತುಕೊಂಡು ಬಂದ.

ಮಾರ್ಚ್ 9, ಭಾನುವಾರ

ಐವತ್ತು. ಮೊಣಕಾಲು ನಿನ್ನೆಯ ಹಾಗೆಯೇ ಇದೆ.

ಊಟವಾದ ಮೇಲೆ ಗುಂಡ ಕಂಪ್ಯೂಟರಿನ ಡಬ್ಬ ಬಿಚ್ಚಿ ಕಾರ್ಡ್ ಕೂರಿಸಿದ. ಬಟ್ಟೆಯಿಂದ ಒರೆಸಿ, ಬ್ರಷ್ಷಿನಿಂದ ಧೂಳು ತೆಗೆದು, ಹಸುಗೂಸನ್ನು ತೊಟ್ಟಿಲಿಗೆ ಇಟ್ಟ ಹಾಗೆ ಇಟ್ಟ. ಇನ್ನೇನು ಮಾನಿಟರ್ ಜೋಡಿಸಬೇಕು, ಫೋನ್ ಬಂತು. ಎಲ್ಲೋ ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು ಒಳಗೆ ಇಬ್ಬರು ಸಿಕ್ಕಿಕೊಂಡಿದ್ದಾರೆ. ಬೂಟು ಹಾಕಿಕೊಳ್ಳುತ್ತಲೇ ಏನೋ ಹೇಳಿದ: ತಂತಿ ಒಂದು ಬಾಕಿ, ಮೇಲಿನದಕ್ಕಲ್ಲ, ಕೆಳಗಿನದಕ್ಕೆ, ಅಡ್ಡ ಇದೆ ನೋಡಿ ಎಂದೇನೋ. ನಾನು ಪರದೆಯ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಸುಲಿಯುತ್ತಿದ್ದೆ. ಅದರಲ್ಲಿ ಒಂದು ಸುಖವಿದೆ. "ಸರಿ ಸರಿ, ನೀನು ಹೊರಡು" ಎಂದೆ.

ಮೇಜಿನ ಹಿಂದೆ ಗೋಡೆಗೂ ಡಬ್ಬಕ್ಕೂ ನಡುವೆ ಒಂದು ಗೇಣು ಜಾಗ. ಕೈ ತೂರಿಸಿ, ಕಣ್ಣು ಮುಚ್ಚಿಕೊಂಡೇ ತಂತಿ ಸಿಕ್ಕಿಸಿದೆ. ಒಂದೇ ಸಲಕ್ಕೆ ಕೂತಿತು. ಬೆರಳಿನಲ್ಲೂ ಕಣ್ಣಿರಬೇಕು ನಮ್ಮ ಕೆಲಸದವರಿಗೆ.

ಅಕ್ಷರಗಳು ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುತ್ತಿವೆ. ಇವಳನ್ನು ಕರೆದು ತೋರಿಸಿದೆ. "ಚೆನ್ನಾಗಿದೆ ರೀ, ದೊಡ್ಡದಾಗಿದೆ" ಎಂದಳು. ದೊಡ್ಡದಲ್ಲ, ಸೂಕ್ಷ್ಮ ಎಂದು ಬಿಡಿಸಿ ಹೇಳಿದೆ. ತಲೆ ಆಡಿಸಿದಳು. ಲೈಬ್ರರಿಯಲ್ಲಿ ಕೆಲಸ ಮಾಡುವವಳು, ತಲೆ ಆಡಿಸುವುದು ಅಭ್ಯಾಸವಾಗಿದೆ.

ಮಾರ್ಚ್ 12, ಬುಧವಾರ

ಆಟ ಓಡುತ್ತಿಲ್ಲ. ಹಡಗು ಒಂದು ಅಲೆಯಿಂದ ಇನ್ನೊಂದು ಅಲೆಗೆ ಕುಂಟುತ್ತದೆ. ಸೆಟ್ಟಿಂಗ್ಸ್ ಎರಡು ಮೆಟ್ಟಿಲಲ್ಲ, ನೆಲಮಾಳಿಗೆಗೇ ಇಳಿಸಿದೆ. ಸಮುದ್ರ ಹಸಿರು ತಗಡಿನ ಹಾಗಾಯಿತು, ಆದರೂ ಕುಂಟುತ್ತದೆ.

ಗುಂಡನಿಗೆ ಫೋನ್ ಮಾಡಿದೆ.

"ಎಷ್ಟು ಫ್ರೇಮ್ ಬರ್ತಿದೆ ಭಾವ?"

"ಹನ್ನೊಂದು."

"ಹನ್ನೊಂದಾ? ಅಷ್ಟು ಕಮ್ಮಿ ಬರೋ ಹಾಗಿಲ್ವಲ್ಲ. ತಂತಿ ಎಲ್ಲಿಗೆ ಹಾಕಿದ್ದೀರ?"

"ಎಲ್ಲಿಗೆ ಹಾಕಬೇಕೋ ಅಲ್ಲಿಗೆ. ನಾನೇನು ಮಗುನಾ?"

"ಹಾಗಲ್ಲ. ಸಂಜೆ ಬಂದು ನೋಡ್ಲಾ?"

ಬೇಡ ಎಂದೆ. ತಂತಿಯಂತೆ ತಂತಿ. ಕಾರ್ಡಿನ ಮಾತೆತ್ತಿದರೆ ಇವನು ತಂತಿಯ ಮಾತೆತ್ತುತ್ತಾನೆ. ಆ ಕಾರ್ಡ್ ಅವನ ಮನೆಯಲ್ಲಿ ನಾಲ್ಕು ವರ್ಷ ಹಗಲು ರಾತ್ರಿ ಬೆಂದಿದೆ. ಸುಮ್ಮನೆ ಯಾರಾದರೂ ಹೊಸದು ಕೊಳ್ಳುತ್ತಾರೆಯೇ?

ಲ್ಯಾಬಿನಲ್ಲಿ ಡಾಕ್ಟರಮ್ಮ ಕಳಿಸಿದ ಒಂದು ಅಚ್ಚು ವಾಪಸು ಕಳಿಸಿದೆ. ಅಳತೆ ತೆಗೆದದ್ದು ಸರಿಯಿಲ್ಲ ಎಂದು ಚೀಟಿ ಅಂಟಿಸಿದೆ. ಈ ತಿಂಗಳಲ್ಲಿ ಮೂರನೆಯದು. ಯಾರಿಗೂ ಕೆಲಸದ ಮೇಲೆ ಗಮನವಿಲ್ಲ.

ಮಾರ್ಚ್ 16, ಭಾನುವಾರ

ಹೇಳಬೇಕಾದ್ದನ್ನು ಹೇಳಿದೆ.

ಊಟಕ್ಕೆ ಕೂತಾಗಲೇ ಗುಂಡ ಕೇಳಿದ, ಸರಿಹೋಯಿತಾ ಎಂದು. ನಾನು ನಾಲ್ಕು ದಿನದಿಂದ ಬಾಯಿಗೆ ಹಾಕಿಕೊಂಡಿದ್ದ ಬೀಗ ತೆಗೆದೆ. "ಹೇಗೆ ಸರಿಹೋಗತ್ತೆ? ಹೊಸದನ್ನ ನೀನಿಟ್ಕೊಂಡು, ಸತ್ತದ್ದನ್ನ ನನ್ನ ತಲೆಗೆ ಕಟ್ಟಿದೆ. ಟೂ-ಕೆ ತಗೊಳ್ಳಿ, ಟೂ-ಕೆ ತಗೊಳ್ಳಿ ಅಂತ ಯಾಕೆ ಬಡ್ಕೊಂಡೆ ಅಂತ ಈಗ ಗೊತ್ತಾಯ್ತು. ಕಾರ್ಡಿನ ಬಂಡವಾಳ ಬಯಲಾಗತ್ತೆ ಅಂತ."

ಗುಂಡ ತುತ್ತು ಕೆಳಗಿಟ್ಟ. ಕೈ ತೊಳೆದು, ಟಾರ್ಚ್ ಹಿಡಿದು ಮೇಜಿನ ಹಿಂದೆ ಕೂತ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂತಿದ್ದ. ಎದ್ದಾಗ ಅವನ ಮುಖದಲ್ಲಿ ಒಂದು ನಗೆ ಬಂದು ಹೋಯಿತು. ಸಿಕ್ಕಿಬಿದ್ದವರು ನಗುವ ನಗೆ. ಇವಳ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಸ್ಕ್ರೂ ಬಿಚ್ಚಿ ಕಾರ್ಡ್ ಹೊರತೆಗೆದ.

"ತಗೊಂಡು ಹೋಗ್ತೀನಿ ಭಾವ."

ಇವಳು ಬಾಗಿಲ ಹತ್ತಿರ ನಿಂತಿದ್ದಳು. "ಗೊತ್ತಿದ್ದೂ ಕೊಟ್ಟೆಯೇನೋ?"

"ಇಲ್ಲ ಅಕ್ಕ."

"ಗೊತ್ತಿಲ್ಲದೆ ಕೊಟ್ಟಿದ್ರೆ ತಪ್ಪಾಯ್ತು ಅಂತ ಭಾವನಿಗೆ ಒಂದು ಮಾತು ಹೇಳು. ಅವರು ಸುಮ್‌ಸುಮ್ನೆ ಮಾತಾಡೋರಲ್ಲ."

"ಅದೊಂದು ಹೇಳಲ್ಲ ಅಕ್ಕ."

"ಯಾಕೆ ಹೇಳಲ್ಲ?"

ಅವನು ಮೇಜಿನ ಮೇಲಿದ್ದ ಪತ್ರಿಕೆ ಎಳೆದುಕೊಂಡ. ಇವಳ ಕುತ್ತಿಗೆ ಕೆಂಪಾಯಿತು. "ಹೇಳೋವರೆಗೂ ಈ ಮನೆ ಕಡೆ ಬರಬೇಡ" ಎಂದಳು. ಗುಂಡ ಕಾರ್ಡನ್ನು ಪತ್ರಿಕೆಯಲ್ಲಿ ಸುತ್ತಿ, ಬಗಲಲ್ಲಿಟ್ಟುಕೊಂಡು ಹೊರಟುಹೋದ.

ಇವಳು ತನ್ನ ತಮ್ಮನನ್ನು ಬಿಟ್ಟು ನನ್ನ ಪರ ನಿಂತಳು. ಇಪ್ಪತ್ತೆರಡು ವರ್ಷದ ಸಂಸಾರ ಎಂದರೆ ಇದು. ಎದೆ ಉಬ್ಬಿತು ಎಂದು ಬರೆಯುವುದಕ್ಕೆ ನನಗೆ ನಾಚಿಕೆಯಿಲ್ಲ.

ಮಾರ್ಚ್ 17, ಸೋಮವಾರ

ಬರೆಯಲು ಮರೆತಿದ್ದೆ. ಕಾರ್ಡ್ ತೆಗೆದ ಮೇಲೂ ಮಾನಿಟರಿನಲ್ಲಿ ಚಿತ್ರ ಹಾಗೆಯೇ ಬರುತ್ತಿದೆ. ಆಟವೂ ಅದೇ ಹನ್ನೊಂದರಲ್ಲಿ ಕುಂಟುತ್ತಿದೆ. ಅಂದರೆ ಆ ಕಾರ್ಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದಕ್ಕಿಂತ ಸಾಕ್ಷಿ ಬೇಕೇ?

ಮಾರ್ಚ್ 23, ಭಾನುವಾರ

ಇಬ್ಬರೇ ಉಂಡೆವು. ಇವಳು ಮೂರು ತಟ್ಟೆ ತಂದು ಒಂದನ್ನು ಮತ್ತೆ ಒಳಗಿಟ್ಟಳು. ಮೂರು ಗಂಟೆಗೆ ಅಭ್ಯಾಸಬಲದಿಂದ ಹೆಡ್‌ಫೋನ್ ಹಾಕಿಕೊಂಡು ಕೂತೆ. ಗುಂಡನೂ ಆಟಕ್ಕೆ ಬಂದನೆಂದು ಪರದೆಯಲ್ಲಿ ಅವನ ಹೆಸರಿನ ಪಕ್ಕದ ಹಸಿರು ದೀಪ ಹೊತ್ತಿಕೊಂಡಿತು, ಐದು ನಿಮಿಷ ಇತ್ತು, ಆರಿತು. ತಪ್ಪಾಯಿತು ಎಂದು ಎರಡು ಪದ ಹೇಳುವುದಕ್ಕೆ ಇಷ್ಟು ಜಂಭ ಇರಬಾರದು ಮನುಷ್ಯನಿಗೆ.

ಇವಳು ಅವನ ಸುದ್ದಿ ಎತ್ತುವುದಿಲ್ಲ. ನಾನಾಗಿ ಎತ್ತಿದರೆ, "ಬಿಡಿ ಅವನ ವಿಷಯ" ಎನ್ನುತ್ತಾಳೆ. ತಾನು ಬೆಳೆಸಿದವನು ಹೀಗೆ ಮಾಡಿದ ಎಂಬ ಅವಮಾನ ಅವಳಿಗೆ.

ಹೊಸ ಕಾರ್ಡನ್ನೇ ಕೊಂಡುಬಿಡುತ್ತೇನೆ. ಈ ಸಲ ಫೋರ್-ಕೆಗೆ ಹೊಂದುವಂಥದ್ದು. ಅಂಗಡಿಯವನೇ ಬಂದು ಕೂರಿಸಿಕೊಡಲಿ.

ಮಾರ್ಚ್ 29, ಶನಿವಾರ

ತಂತಿ ತಪ್ಪು ತೂತಿನಲ್ಲಿತ್ತು.

ನಾನೇ ಹಾಕಿದ್ದು.

ಇಷ್ಟು ಬರೆದು ಪೆನ್ನು ಮುಚ್ಚಿಟ್ಟಿದ್ದೆ. ಸಂಜೆ ಮತ್ತೆ ತೆರೆದಿದ್ದೇನೆ. ಮಧ್ಯಾಹ್ನ ಅಂಗಡಿಯ ಮೆಕ್ಯಾನಿಕ್ ಬಂದಿದ್ದರು. ನನ್ನದೇ ವಯಸ್ಸು, ಕನ್ನಡಕ ಹಣೆಯ ಮೇಲೆ. ಡಬ್ಬವನ್ನು ಬೆಳಕಿಗೆ ಎಳೆದು ಹಿಂಭಾಗ ನೋಡಿದರು. "ಸಾರ್, ಮಾನಿಟರ್ ತಂತಿ ಕಂಪ್ಯೂಟರಿನ ಮೇನ್ ಬೋರ್ಡಿನ ತೂತಿಗೆ ಹಾಕಿದ್ದೀರಲ್ಲ. ಕಾರ್ಡ್ ಇದ್ದಾಗ ಕಾರ್ಡಿನ ತೂತಿಗೆ ಹಾಕಬೇಕು. ಇಲ್ಲಾಂದ್ರೆ ಕಾರ್ಡ್ ಸುಮ್ನೆ ಕೂತಿರತ್ತೆ, ಎಲ್ಲಾ ಭಾರ ಬೋರ್ಡಿನ ಮೇಲೆ. ಹಳೇ ಕಾರ್ಡ್ ಇದ್ದಾಗ್ಲೂ ಹೀಗೇ ಇತ್ತಾ?"

ಇಲ್ಲ, ಈಗ ಕಾರ್ಡ್ ಇಲ್ಲವಲ್ಲ, ಅದಕ್ಕೆ ಬದಲಾಯಿಸಿದ್ದೆ ಎಂದೆ. ನಾಲಿಗೆ ತಡವರಿಸಲೇ ಇಲ್ಲ.

"ಹಾಗಾದ್ರೆ ಸರಿ" ಎಂದರು. ಐದು ನಿಮಿಷದಲ್ಲಿ ಹೊಸ ಕಾರ್ಡ್ ಕೂತಿತು. ಸಮುದ್ರ ಬೆಣ್ಣೆಯ ಹಾಗೆ ಜಾರಿತು. ಅವರು ಹೋದ ಮೇಲೆ ತುಂಬಾ ಹೊತ್ತು ಅದನ್ನು ನೋಡಲೂ ಆಗದೆ ಆರಿಸಲೂ ಆಗದೆ ಕೂತಿದ್ದೆ.

ಗುಂಡನ ಕಾರ್ಡ್ ಚೆನ್ನಾಗಿಯೇ ಇತ್ತು. ಒಂದು ನಿಮಿಷವೂ ಅದಕ್ಕೆ ಕೆಲಸ ಕೊಟ್ಟಿರಲಿಲ್ಲ ನಾನು. ಇವಳು ಲೈಬ್ರರಿಯಿಂದ ಬಂದ ಕೂಡಲೇ ಹೇಳಿಬಿಡಬೇಕು.

ಬಂದಳು. ತಲೆನೋವು ಎಂದಳು. ನಾಳೆ ಹೇಳಿದರಾಯಿತು.

ಮಾರ್ಚ್ 30, ಭಾನುವಾರ

ಇವತ್ತೂ ಆಗಲಿಲ್ಲ. ಬೆಳಗ್ಗೆ ಬಟ್ಟೆ ಒಗೆಯುತ್ತಿದ್ದಳು, ಮಷೀನಿನ ಸದ್ದಿನಲ್ಲಿ ಇಂಥದ್ದನ್ನು ಹೇಳುವುದು ಹೇಗೆ? ಮಧ್ಯಾಹ್ನ ಮಲಗಿದ್ದಳು. ಸಂಜೆ ಖುಷಿಯಾಗಿದ್ದಳು, ಎಷ್ಟೋ ದಿನದ ಮೇಲೆ. ಕೆಡಿಸುವುದು ಬೇಡವೆನಿಸಿತು.

ಮಾರ್ಚ್ 31, ಸೋಮವಾರ

ಇದನ್ನು ಬರೆಯಲೇಬೇಕು.

ಸಂಜೆ ಆರೂವರೆಗೆ ಇವಳ ಫೋನಿಗೆ ಗುಂಡನ ಕರೆ ಬಂತು. ಎರಡು ವಾರದಲ್ಲಿ ಮೊದಲ ಸಲ. ಇವಳು ಹಜಾರದಲ್ಲಿ ನಿಂತು ಮಾತಾಡಿದಳು. ನಾನು ಈ ಕೋಣೆಯಲ್ಲಿ, ಮಾನಿಟರಿನ ಮುಂದೆ. ನಡುವೆ ಬಾಗಿಲು ತೆರೆದಿತ್ತು. ಅವನ ಮಾತು ಕೇಳಿಸಲಿಲ್ಲ, ಇವಳದು ಪೂರ್ತಿ ಕೇಳಿಸಿತು.

"ಮೂರು ವರ್ಷವಾ? ಅಷ್ಟು ದೂರ? ... ನಾಳೆ ಒಳಗೆ ಹೇಳಬೇಕಾ?"

ಅವನ ಕಂಪನಿಯವರು ದೂರದ ಊರಿಗೆ, ರೈಲಿನಲ್ಲಿ ಒಂದೂವರೆ ದಿನ, ಅವನನ್ನು ಕಳಿಸುವ ಮಾತು ಆಡುತ್ತಿರುವುದು ಹೊಸದಲ್ಲ. ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ಇವನು ಆಗಲ್ಲ ಎನ್ನುತ್ತಾನೆ. ಈ ಸಲ ಅಕ್ಕನನ್ನು ಕೇಳುತ್ತಿದ್ದ.

"ನನ್ನನ್ನ ಯಾಕೋ ಕೇಳ್ತೀಯ? ... ಇಲ್ಲೇ ಇರು ಅಂತೀನಿ ಕಣೋ. ಭಾವನಿಗೆ ಒಂದು ಮಾತು ಹೇಳು, ಅಷ್ಟೇ. ಅಷ್ಟೂ ಆಗಲ್ವಾ ನಿನ್ನ ಕೈಲಿ? ಅವರ ಮುಂದೆ ನಾನು ತಲೆ ಎತ್ತೋದು ಹೇಗೆ?"

ಅವನು ಏನಂದನೋ. ಆಮೇಲೆ, "ಹಾಗಾದ್ರೆ ಎಲ್ಲಿಗಾದ್ರೂ ಹೋಗು. ನನ್ನನ್ನ ಕೇಳಬೇಡ."

ನಾನು ಎದ್ದು ಹೋಗಿ ಫೋನ್ ಕಿತ್ತುಕೊಂಡು, ತಂತಿ ನಾನೇ ತಪ್ಪಾಗಿ ಹಾಕಿದ್ದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಕುರ್ಚಿಯಿಂದ ಬಾಗಿಲಿಗೆ ಮೂರು ಹೆಜ್ಜೆ. ಕುರ್ಚಿಯ ಕೈ ಹಿಡಿದುಕೊಂಡು ಕೂತೇ ಇದ್ದೆ. ಇವಳು ಒಳಗೆ ಬಂದು, "ಕೇಳಿಸ್ತಾ?" ಎಂದಳು. ಹೆಡ್‌ಫೋನ್ ಕುತ್ತಿಗೆಯಲ್ಲಿತ್ತು, ಕಿವಿಯ ಮೇಲಿತ್ತು ಎನ್ನುವ ಹಾಗೆ ನಟಿಸಿ, "ಏನು?" ಎಂದೆ.

"ಏನಿಲ್ಲ" ಎಂದು ಹೋದಳು.

ಏಪ್ರಿಲ್ 6, ಭಾನುವಾರ

ಗುಂಡ ಸಹಿ ಹಾಕಿದನಂತೆ. ಹದಿನಾರರ ಸಂಜೆ ಐದಕ್ಕೆ ರೈಲು. ಅವನ ಪಕ್ಕದ ಮನೆಯವರು ಲೈಬ್ರರಿಯಲ್ಲಿ ಇವಳಿಗೆ ಹೇಳಿದ್ದು.

ಪರದೆಯೂ ಕಾರ್ಡೂ ಈಗ ಒಂದಕ್ಕೊಂದು ಹೊಂದಿವೆ. ಹಗ್ಗದ ಒಂದೊಂದು ಎಳೆ ಎಣಿಸಬಹುದು. ಹಾಯಿಯ ಹೊಲಿಗೆ ಕಾಣುತ್ತದೆ. ಆದರೆ ಹಾಯಿ ಎಳೆಯುವವರಿಲ್ಲ. ಚುಕ್ಕಾಣಿ ಬಿಟ್ಟು ಹಗ್ಗದ ಹತ್ತಿರ ಓಡಿದರೆ ಹಡಗು ತಿರುಗುತ್ತದೆ, ವಾಪಸು ಓಡಿದರೆ ಹಾಯಿ ಸಡಿಲವಾಗುತ್ತದೆ. ಬೇರೆ ಯಾರನ್ನಾದರೂ ಸೇರಿಸಿಕೊಳ್ಳಿ ಎಂದು ಆಟವೇ ಸಲಹೆ ಕೊಟ್ಟಿತು. ಯಾವ ದೇಶದವನೋ ಒಬ್ಬ ಬಂದ, ಚೆನ್ನಾಗಿಯೇ ಹಾಯಿ ಕಟ್ಟಿದ. ಅರ್ಧ ಗಂಟೆ ನಾವು ಒಂದು ಮಾತೂ ಆಡಲಿಲ್ಲ. ಆರಿಸಿದೆ.

ಏಪ್ರಿಲ್ 11, ಶುಕ್ರವಾರ

ಡಾಕ್ಟರಮ್ಮ ಫೋನ್ ಮಾಡಿ, ಹೋದ ವಾರದ ಹಲ್ಲಿನ ಕ್ಯಾಪು ಕೂರುತ್ತಿಲ್ಲ, ಅಳತೆ ಮತ್ತೆ ತೆಗೆದು ಕಳಿಸಲೇ ಎಂದರು. ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಚ್ಚು ಸರಿಯಾಗಿಯೇ ಇತ್ತು. ಅಂಚಿನಲ್ಲಿ ಮೇಣವನ್ನು ಕೂದಲೆಳೆಯಷ್ಟು ಹೆಚ್ಚು ಕೆರೆದಿದ್ದವನು ನಾನು. ಹಾಗೆಂದು ಹೇಳಿದೆ. ಅವರು "ನೀವು ಹುಷಾರಾಗಿದ್ದೀರಿ ತಾನೇ?" ಎಂದು ಕೇಳಿದರು. ಯಾಕೆ ಹಾಗೆ ಕೇಳಿದರೋ. ಮತ್ತೆ ಮಾಡಿ ಸಂಜೆಗೆ ಕಳಿಸಿದೆ. ಹಳೆಯ ಮೂರು ಅಚ್ಚುಗಳ ಚೀಟಿ ನೆನಪಾಗಿ, ಅವನ್ನೂ ಒಂದು ಸಲ ನೋಡಬೇಕಿತ್ತು ಎನಿಸಿತು.

ಏಪ್ರಿಲ್ 13, ಭಾನುವಾರ

ಗುಂಡನ ಮನೆಗೆ ಹೋಗಿದ್ದೆ. ವಾಕಿಂಗ್ ಹೋಗುತ್ತೇನೆ ಎಂದು ಇವಳಿಗೆ ಸುಳ್ಳು ಹೇಳಿ.

ಗೋಡೆಗಳು ಬೋಳಾಗಿದ್ದವು. ಪೆಟ್ಟಿಗೆಗಳ ನಡುವೆ ಟೇಪು ಕಚ್ಚಿಕೊಂಡು ನಿಂತಿದ್ದ. ನನ್ನನ್ನು ನೋಡಿ ಒಂದು ಪೆಟ್ಟಿಗೆಯ ಮೇಲಿನ ಪಾತ್ರೆ ಸರಿಸಿ, "ಕೂತ್ಕೊಳ್ಳಿ ಭಾವ, ಕುರ್ಚಿ ಕಳಿಸಿಬಿಟ್ಟೆ" ಎಂದ. ಕೂರಲಿಲ್ಲ. ನಿಂತೇ ಹೇಳಿದೆ. ತಂತಿ ಬೋರ್ಡಿನ ತೂತಿನಲ್ಲಿತ್ತು, ನಿನ್ನ ಕಾರ್ಡಿನದು ಏನೂ ತಪ್ಪಿರಲಿಲ್ಲ, ನನ್ನದೇ ತಪ್ಪು ಎಂದೆ.

"ಗೊತ್ತು" ಎಂದ.

"ಹೇಗೆ?"

"ಭಾವ, ಅವತ್ತು ಕಾರ್ಡ್ ಬಿಚ್ಚಿದವನು ನಾನು. ಅದರ ಬಾಲದಲ್ಲಿ ತಂತಿನೇ ಇರಲಿಲ್ಲ."

ಮೇಜಿನ ಹಿಂದೆ ಅಷ್ಟು ಹೊತ್ತು ಕೂತಿದ್ದ ಅವನು, ಆ ನಗೆ, ಎಲ್ಲ ಒಟ್ಟಿಗೆ ನೆನಪಾಯಿತು. ಮುಖಕ್ಕೆ ನೀರೆರಚಿದ ಹಾಗಾಯಿತು.

"ಅಲ್ಲೇ ಹೇಳಬಹುದಿತ್ತಲ್ಲೋ."

"ಅಷ್ಟೊಂದು ಅಂದ ಮೇಲೆ, ಅಕ್ಕನ ಎದುರಿಗೆ ನಿಮ್ಮನ್ನ ಸಣ್ಣವರನ್ನಾಗಿ ಮಾಡ್ಲಾ? ನೀವೇ ಒಂದೆರಡು ದಿನದಲ್ಲಿ ನೋಡ್ತೀರ, ಫೋನ್ ಮಾಡಿ ನಗ್ತೀರ ಅಂದ್ಕೊಂಡೆ. ಆಮೇಲೆ ನನಗೂ ಹಟ ಬಂತು. ಸುಳ್ಳು ಹೇಳಲ್ಲ. ಸತ್ತದ್ದನ್ನ ತಲೆಗೆ ಕಟ್ಟಿದೆ ಅಂದ್ರಲ್ಲ, ಏಳು ವರ್ಷ ಒಟ್ಟಿಗೆ ಆಟಕ್ಕೆ ಕೂತವರು. ಅದು ಇಳೀಲಿಲ್ಲ ಭಾವ." ಟೇಪು ಎಳೆದು ಒಂದು ಪೆಟ್ಟಿಗೆ ಮುಚ್ಚಿದ. "ಯಾವತ್ತು ನೋಡಿದ್ರಿ?"

"ನಿನ್ನೆ" ಎಂದೆ.

ಯಾಕೆ ಹಾಗೆಂದೆ ಎಂದು ಕೇಳಿದರೆ ಗೊತ್ತಿಲ್ಲ. ಬಾಯಿಗೆ ಬಂತು.

ಅವನು ಹಣೆ ಉಜ್ಜಿಕೊಂಡ. "ಛೆ. ನಾನೇ ಅವಸರ ಮಾಡಿಬಿಟ್ಟೆ. ಕಂಪನಿಯವರ ಹತ್ರ ಇನ್ನೆರಡು ವಾರ ಟೈಮ್ ಕೇಳಿ ಸಹಿ ಹಾಕಿದ್ರೆ ಆಗ್ತಿತ್ತು. ಹೋಗ್ಲಿ ಬಿಡಿ, ನಿಮ್ಮದೇನೂ ತಡವಾಗ್ಲಿಲ್ಲ." ಆಮೇಲೆ ಮೆತ್ತಗೆ, "ಅಕ್ಕನಿಗೆ ಹೇಳಿ ಭಾವ. ಬುಧವಾರ ಸಂಜೆ ಐದಕ್ಕೆ ರೈಲು. ಅವಳು ಸ್ಟೇಷನ್ನಿಗೆ ಬಂದ್ರೆ ಸಾಕು ನನಗೆ" ಎಂದ.

ತನ್ನ ತಪ್ಪು ಎಂದುಕೊಂಡ. ನನ್ನ ಸುಳ್ಳನ್ನು ತೆಗೆದುಕೊಂಡು ತನ್ನನ್ನೇ ಬೈದುಕೊಂಡ.

ಏಪ್ರಿಲ್ 14, ಸೋಮವಾರ

ಹೇಳಲಿಲ್ಲ.

ಏಪ್ರಿಲ್ 15, ಮಂಗಳವಾರ

ಹೇಳಲಿಲ್ಲ. ನಾಚಿಕೆಯಾಗುತ್ತದೆ.

ಏಪ್ರಿಲ್ 16, ಬುಧವಾರ

ಇವಳು ರಜೆ ಹಾಕಿದ್ದಳು. ಯಾಕೆ ಎಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾನೂ ಲ್ಯಾಬಿನಿಂದ ಬೇಗ ಬಂದೆ. ನಾಲ್ಕು ಗಂಟೆಗೆ ಒಳ್ಳೆಯ ಸೀರೆ ಉಟ್ಟುಕೊಂಡು ಹಜಾರದಲ್ಲಿ ಕೂತಳು, ಒಗೆದ ಬಟ್ಟೆಯ ರಾಶಿಯ ಮುಂದೆ. ಒಂದೊಂದನ್ನೇ ಮಡಿಚಿದಳು. ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದಳು. ನಾಲ್ಕೂವರೆಗೆ ಚಪ್ಪಲಿಯ ಕಡೆ ನೋಡಿದಳು. ಸ್ಟೇಷನ್ ಇಲ್ಲಿಂದ ನಡೆದರೆ ಇಪ್ಪತ್ತು ನಿಮಿಷ. ನಾಲ್ಕೂ ನಲವತ್ತಕ್ಕೂ ನೋಡಿದಳು.

ಆಗಲಾದರೂ ಹೇಳಬೇಕಿತ್ತು. ಆಟೋದಲ್ಲಿ ಓಡಿದ್ದರೆ ಸಿಗುತ್ತಿದ್ದ. ನಾನು ಅಡುಗೆಮನೆಗೆ ಹೋಗಿ ಎರಡು ಲೋಟ ಚಹಾ ಮಾಡಿದೆ. ಅದು ಕುದಿಯುವುದನ್ನು ನೋಡುತ್ತಾ ನಿಂತೆ.

ಐದು ಹೊಡೆದು ಐದು ನಿಮಿಷಕ್ಕೆ, "ಹೊರಟಿರ್ತಾನೆ" ಎಂದಳು. ನನಗಲ್ಲ, ಬಟ್ಟೆಗೆ. ಅವಳ ಕೈಯಲ್ಲಿ ನನ್ನ ಅಂಗಿ ಇತ್ತು. ಅದನ್ನು ಮುಖಕ್ಕೆ ಒತ್ತಿಕೊಂಡಳು. ಅವಳ ಬೆನ್ನು ಅಲುಗುವುದು ಕಾಣಿಸಿತು.

ಲೋಟ ಕೆಳಗಿಟ್ಟು ಹೇಳಿದೆ. ತಂತಿ, ಬೋರ್ಡು, ಗುಂಡ ಅದನ್ನು ಅವತ್ತೇ ನೋಡಿಯೂ ಸುಮ್ಮನಿದ್ದದ್ದು, ಎಲ್ಲ.

ಅಳು ನಿಂತಿತು. ಅಂಗಿಯಿಂದ ಮುಖ ಒರೆಸಿಕೊಂಡಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ತಂತಿ ಯಾರು ಬೇಕಾದ್ರೂ ತಪ್ಪಾಗಿ ಹಾಕ್ತಾರೆ" ಎಂದಳು. "ನಿಮಗೆ ಗೊತ್ತಾಗಿದ್ದು ಯಾವತ್ತು?"

ನಿನ್ನೆ ಎಂದರೆ ನಂಬುತ್ತಿದ್ದಳು. ನಾನು ಸುಮ್ಮಸುಮ್ಮನೆ ಮಾತಾಡುವವನಲ್ಲ ಎಂದು ಇವಳ ಲೆಕ್ಕ. ಬಾಯಲ್ಲಿ ಪದ ತಯಾರಾಗಿಯೇ ಇತ್ತು.

"ಮಾರ್ಚ್ ಇಪ್ಪತ್ತೊಂಬತ್ತು, ಶನಿವಾರ."

ಇವಳು ತುಟಿ ಅಲುಗಿಸಿ ಎಣಿಸಿದಳು. ಶನಿವಾರ, ಭಾನುವಾರ, ಸೋಮವಾರ.

"ಅವನು ಫೋನ್ ಮಾಡಿದ್ದು ಸೋಮವಾರ."

"ಹೂಂ."

"ನೀವು ಆ ಕೋಣೇಲಿದ್ರಿ."

"ಇದ್ದೆ."

"ಕೇಳಿಸ್ತಿತ್ತು ನಿಮಗೆ."

"ಕೇಳಿಸ್ತಿತ್ತು."

ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದಳು. ತುಂಬಾ ಹೊತ್ತು ನನ್ನನ್ನು ನೋಡಿದಳು. ಎದುರಿಗೆ ಕೂತವನು ಯಾರು ಎಂದು ನೆನಪಿಸಿಕೊಳ್ಳುವವರು ನೋಡುವ ಹಾಗಿತ್ತು. "ಎಲ್ಲಿಗಾದ್ರೂ ಹೋಗು ಅಂದೆ ನಾನು ಅವನಿಗೆ. ನಾನು ಎತ್ತಿ ಆಡಿಸಿದವನಿಗೆ." ಆಮೇಲೆ ಕೇಳಿದಳು, "ಅವನಿಗೂ ಈ ತಾರೀಖು ಹೇಳಿದ್ರಾ?"

"ಇಲ್ಲ. ಬೇರೆ ಹೇಳಿದೆ."

ತನ್ನ ಫೋನ್ ತೆಗೆದು ಅವನ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು. ಗುಂಡ ಎತ್ತಿದ. ಹಿಂದೆ ರೈಲಿನ ಸದ್ದು.

"ಅಕ್ಕ?"

"ನಾನು ಕಣೋ. ನಿನ್ನ ಹತ್ರ ಸುಳ್ಳು ಹೇಳಿದ್ದೆ. ಗೊತ್ತಾಗಿದ್ದು ಮಾರ್ಚ್ ಇಪ್ಪತ್ತೊಂಬತ್ತಕ್ಕೆ. ನೀನು ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅವಸರ ಮಾಡಿದ್ದು ನೀನಲ್ಲ."

ರೈಲು ಯಾವುದೋ ಸೇತುವೆ ದಾಟುತ್ತಿತ್ತು. ಸದ್ದು ಮುಗಿಯಿತು. ನಾನು ಅವನ ಹೆಸರು ಹಿಡಿದು ಕರೆದೆ.

"ಅಕ್ಕ ಅಲ್ಲಿದ್ದಾಳಾ?" ಎಂದ. ಭಾವ ಎನ್ನಲಿಲ್ಲ. "ಅವಳಿಗೆ ಕೊಡಿ."

ಕೊಟ್ಟೆ. ಇವಳು ಫೋನ್ ಹಿಡಿದುಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲು ಅಳು ಕೇಳಿಸಿತು. ಆಮೇಲೆ ಇವಳದೇ ಮಾತು, ಬೈಯುವ ದನಿ, ಅವನು ಸಣ್ಣವನಿದ್ದಾಗ ಹೀಗೇ ಬೈಯುತ್ತಿದ್ದಳೇನೋ. ಈಗ ನಗುತ್ತಿದ್ದಾಳೆ. ಒಂದು ಗಂಟೆಯಾಯಿತು. ಯಾರೂ ನನ್ನನ್ನು ಕರೆದಿಲ್ಲ.